ದೋಣಿಗೆ ದುಡ್ಡು ಸಿಗುತ್ತದೆ, ದಕ್ಕೆಗೆ ಯಾರು ಕೊಡುತ್ತಾರೆ?

ವರ್ಷಗಳ ಹಿಂದೆ ಒಂದು ಮೇ ತಿಂಗಳು ಸಾಗರದ ಕಡೆಯಿಂದ ಕೊಲ್ಲೂರಿಗೆ ಹೊರಟವನು ಹಸಿರುಮಕ್ಕಿ ಲಾಂಚ್ ಹತ್ತಲು ಶರಾವತಿ ಹಿನ್ನೀರಿನ ದಡದಲ್ಲಿ ನಿಂತಿದ್ದೆ. ಲಾಂಚ್ ಕಣ್ಣೆದುರೇ ಇತ್ತು. ಎಂಜಿನ್ ಸರಿಯಿತ್ತು, ನಡೆಸುವವರೂ ಇದ್ದರು. ಆದರೆ ನೀರು ಇಳಿದಿತ್ತು. ಲಾಂಚಿನ ಮುಂದಿನ ಕಬ್ಬಿಣದ ಹಲಗೆಯ ತುದಿಗೂ ರಸ್ತೆಯ ತುದಿಗೂ ನಡುವೆ ಹತ್ತಾರು ಅಡಿ ಕೆಸರು, ಅದರಾಚೆ ಬಿರುಕು ಬಿಟ್ಟ ಮಣ್ಣು, ಮುಳುಗಡೆಯ ಕಾಲದಿಂದ ನಿಂತೇ ಇರುವ ಮರದ ಬೊಡ್ಡೆಗಳು. ವಾಹನ ಹತ್ತಿಸುವ ಹಾಗಿಲ್ಲ ಎಂದರು. ಜನ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಪಂಚೆ ಎತ್ತಿ ಕಟ್ಟಿ, ಕೆಸರು ತುಳಿದುಕೊಂಡು ಹತ್ತಿದರು. ಅಕ್ಕಿ ಚೀಲ ಹೊತ್ತಿದ್ದ ಒಬ್ಬ ಅಜ್ಜಿಯನ್ನು ಇಬ್ಬರು ಹುಡುಗರು ಎರಡೂ ಕಡೆ ಹಿಡಿದು ಮೇಲೆತ್ತಿದರು.

ಲಿಂಗನಮಕ್ಕಿಯ ನೀರು ತಗ್ಗಿದಾಗಲೆಲ್ಲ ಆ ಭಾಗದಲ್ಲಿ ಇದು ಮಾಮೂಲು. ಅಂದು ಕೆಟ್ಟದ್ದು ದೋಣಿಯಲ್ಲ. ಇಳಿದ ನೀರನ್ನು ಹಿಂಬಾಲಿಸಿ ಹೋಗುವಂಥ ಇಳಿಜಾರು ಕಟ್ಟೆ ಅಲ್ಲಿರಲಿಲ್ಲ. ಜಲಸಾರಿಗೆಗೆ ಸರ್ಕಾರಗಳು ಹಣ ಕೊಡುವ ರೀತಿಯನ್ನು ಅರ್ಥ ಮಾಡಿಕೊಳ್ಳಲು ಹೊರಟಾಗಲೆಲ್ಲ ನನಗೆ ಆ ಹತ್ತಾರು ಅಡಿ ಕೆಸರು ನೆನಪಾಗುತ್ತದೆ.

ಒಂದು ಫೆರಿ ಸೇವೆ ನಡೆಯಬೇಕಾದರೆ ಮೂರು ಕಡೆ ದುಡ್ಡು ಬೇಕು. ಮೊದಲನೆಯದು ದೋಣಿ. ಅದಕ್ಕೆ ಹೂಮಾಲೆ ಹಾಕಬಹುದು, ಬಾವುಟ ತೋರಿಸಿ ನೀರಿಗೆ ಬಿಡಬಹುದು, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಎರಡನೆಯದು ದಡ. ಹತ್ತಿ ಇಳಿಯುವ ಜೆಟ್ಟಿ, ನಮ್ಮ ಕರಾವಳಿಯವರ ಮಾತಿನಲ್ಲಿ ದಕ್ಕೆ, ಜೊತೆಗೆ ಟಿಕೆಟ್ ಕಟ್ಟೆ, ಮಳೆಗೆ ಸೂರು, ಅಲ್ಲಿಗೆ ಬರುವ ರಸ್ತೆ, ದೋಣಿ ತಳ ತಾಗದಷ್ಟು ನೀರಿನ ಆಳ. ಮೂರನೆಯದು ದಿನದ ಖರ್ಚು: ಇಂಧನ, ಸಂಬಳ, ರಿಪೇರಿ, ವಿಮೆ, ಮತ್ತೆ ಮತ್ತೆ ಬಂದು ತುಂಬುವ ಹೂಳು. ಸರ್ಕಾರಿ ಲೆಕ್ಕದಲ್ಲಿ ಮೊದಲ ಎರಡಕ್ಕೆ ಬಂಡವಾಳ ವೆಚ್ಚ ಎನ್ನುತ್ತಾರೆ, ಮೂರನೆಯದಕ್ಕೆ ನಿರ್ವಹಣಾ ವೆಚ್ಚ. ಬಂಡವಾಳ ಒಮ್ಮೆ ಕೊಟ್ಟರೆ ಮುಗಿಯಿತು. ಕೇಂದ್ರ ಕೊಡುತ್ತದೆ, ವಿದೇಶಿ ಬ್ಯಾಂಕು ಸಾಲ ಕೊಡುತ್ತದೆ. ನಿರ್ವಹಣೆ ಮಾತ್ರ ವರ್ಷವರ್ಷವೂ ಯಾರದೋ ಬಾಗಿಲಿಗೆ ಹೋಗಿ ನಿಲ್ಲಬೇಕು.

ಇದನ್ನು ಹತ್ತಿರದಿಂದ ನೋಡಬೇಕಾದರೆ ಕೊಚ್ಚಿಗೆ ಹೋಗಬೇಕು. ಅಲ್ಲಿನ ವಾಟರ್ ಮೆಟ್ರೊ 2023ರ ಏಪ್ರಿಲ್ 25ರಂದು ಉದ್ಘಾಟನೆಯಾಯಿತು. ಯೋಜನೆಯ ಅಂದಾಜು ವೆಚ್ಚ ಸುಮಾರು 1,137 ಕೋಟಿ ರೂಪಾಯಿ. ಜರ್ಮನಿಯ ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ಕೆಎಫ್‌ಡಬ್ಲ್ಯೂ 8.5 ಕೋಟಿ ಯೂರೊ ದೀರ್ಘಾವಧಿ ಸಾಲ ಕೊಡಲು 2016ರಲ್ಲೇ ಒಪ್ಪಂದವಾಗಿತ್ತು. ಜೊತೆಗೆ ಕೇರಳ ಸರ್ಕಾರದ ಹಣ. ಗುರಿ ದೊಡ್ಡದು: 78 ದೋಣಿ, 38 ಜೆಟ್ಟಿ, 10 ದ್ವೀಪ, ಒಟ್ಟು 76 ಕಿ.ಮೀ. ಜಲಮಾರ್ಗ. ದೋಣಿಗಳಲ್ಲಿ 23 ದೊಡ್ಡವು, ನೂರು ಜನರವು; ಉಳಿದ 55 ಸಣ್ಣವು, ಐವತ್ತು ಜನರವು.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿಕೊಟ್ಟ ನೂರು ಜನರ ದೋಣಿಯ ಬೆಲೆ ಸುಮಾರು 7.6 ಕೋಟಿ. ಅಂಥ 23 ಎಂದರೆ 175 ಕೋಟಿಯ ಆಸುಪಾಸು. 55 ಸಣ್ಣ ದೋಣಿಗಳಿಗೂ ದೊಡ್ಡದರ ಬೆಲೆಯನ್ನೇ ಹಿಡಿದರೂ ಎಲ್ಲ 78 ಸೇರಿ 600 ಕೋಟಿ ಮುಟ್ಟುವುದಿಲ್ಲ. ನಿಜವಾದ ಬೆಲೆ ಅದಕ್ಕಿಂತ ಎಷ್ಟೋ ಕಡಿಮೆಯೇ ಆದೀತು. ಅಂದರೆ ‘ದೋಣಿ ಯೋಜನೆ’ ಎಂದು ನಾವು ಕರೆಯುವುದರಲ್ಲಿ ಅರ್ಧಕ್ಕೂ ಹೆಚ್ಚು ಹಣ ದೋಣಿಗೆ ಹೋಗುವುದೇ ಇಲ್ಲ. ದಡಕ್ಕೆ ಹೋಗುತ್ತದೆ. ಭೂಮಿ, ಕಂಬ, ಪಾಂಟೂನ್ ಎಂಬ ತೇಲುವ ಕಟ್ಟೆ, ಚಾರ್ಜರ್, ಗೇಟು, ಬೋಟ್ ಯಾರ್ಡ್, ಹೂಳೆತ್ತುವ ಕೆಲಸ, ಸಂಚಾರ ನಿಯಂತ್ರಣ ಕೇಂದ್ರ.

ಹೈಕೋರ್ಟ್ ಜೆಟ್ಟಿಯಲ್ಲಿ ನಿಂತು ನೋಡಿದರೆ ಈ ಹಣ ಏನು ಮಾಡಿದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಕೊಚ್ಚಿಯ ಹಿನ್ನೀರಿನಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಒಂದು ಮೀಟರ್ ಆಸುಪಾಸು. ಕಲ್ಲು ಕಟ್ಟಿದ ಹಳೆಯ ಜೆಟ್ಟಿಯಲ್ಲಿ ಆ ಒಂದು ಮೀಟರೇ ಸಾಕು, ಬೆಳಿಗ್ಗೆ ಸುಲಭವಾಗಿ ಹತ್ತಿದ ದೋಣಿಗೆ ಸಂಜೆ ಹಾರಿ ಇಳಿಯಬೇಕಾಗುತ್ತದೆ. ವಾಟರ್ ಮೆಟ್ರೊದ ಜೆಟ್ಟಿ ತೇಲುತ್ತದೆ. ನೀರು ಏರಿದರೆ ಪಾಂಟೂನೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಏರಿಳಿತವನ್ನೆಲ್ಲ ದಡದಿಂದ ಅಲ್ಲಿಗೆ ಬರುವ ಕೀಲುಸೇತುವೆ ನುಂಗಿಕೊಳ್ಳುತ್ತದೆ. ಹಾಗಾಗಿ ದೋಣಿಯ ನೆಲ, ಜೆಟ್ಟಿಯ ನೆಲ ಯಾವಾಗಲೂ ಒಂದೇ ಮಟ್ಟ. ಗಾಲಿಕುರ್ಚಿಯಲ್ಲಿದ್ದ ಒಬ್ಬರು ಯಾರ ಕೈಯನ್ನೂ ಹಿಡಿಯದೆ ಹೊಸ್ತಿಲೂ ಇಲ್ಲದ ಕೋಣೆಯೊಳಗೆ ಹೋದ ಹಾಗೆ ದೋಣಿಯೊಳಗೆ ಹೋದದ್ದನ್ನು ನಾನು ಕಂಡಿದ್ದೇನೆ. ಹಸಿರುಮಕ್ಕಿಯ ಅಜ್ಜಿ ಆಗ ನೆನಪಾಗದೆ ಇರಲಿಲ್ಲ.

ಜೆಟ್ಟಿಗೆ ಇನ್ನೊಂದು ಕೆಲಸವಿದೆ, ಅದು ಪ್ರಾಣ ಉಳಿಸುವ ಕೆಲಸ. ಅಲ್ಲಿನ ಗೇಟುಗಳು ಒಳಹೋದವರನ್ನು ಎಣಿಸುತ್ತವೆ. ನೂರು ಜನರ ದೋಣಿಗೆ ನೂರಾದ ಮೇಲೆ ದಾರಿ ಮುಚ್ಚುತ್ತದೆ. ವಾಟರ್ ಮೆಟ್ರೊ ಶುರುವಾದ ಹನ್ನೆರಡನೆಯ ದಿನ, 2023ರ ಮೇ 7ರಂದು, ಅದೇ ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 22 ಜನ ತೀರಿಕೊಂಡರು. ನಮ್ಮಲ್ಲೂ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನರ ಪ್ರಾಣ ಹೋಯಿತು. ಎರಡೂ ಕಡೆ ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದು ಪ್ರತಿ ದುರಂತದ ನಂತರವೂ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಜನ ದೋಣಿಗೆ ಕಾಲಿಡುವ ಮೊದಲೇ ಎಣಿಸುವ ಜಾಗ ದಡ ಮಾತ್ರ. ಗೇಟಿಲ್ಲದ, ಎಣಿಸುವವರಿಲ್ಲದ ಮರಳದಂಡೆಯಲ್ಲಿ ನಿಯಮ ಹಾಳೆಯ ಮೇಲೇ ಉಳಿಯುತ್ತದೆ.

ಕೊಚ್ಚಿಯ ದೋಣಿಗಳು ಬ್ಯಾಟರಿಯಲ್ಲಿ ಓಡುತ್ತವೆ, ಆಪತ್ತಿಗೆ ಡೀಸೆಲ್ ಜನರೇಟರ್ ಇದೆ. ಲಿಥಿಯಂ ಟೈಟನೇಟ್ ಜಾತಿಯ ಈ ಬ್ಯಾಟರಿ ಹತ್ತು ಹದಿನೈದು ನಿಮಿಷಗಳಲ್ಲಿ ಚಾರ್ಜ್ ಆಗುತ್ತದೆ. ಜನ ಇಳಿದು ಹತ್ತುವ ಹೊತ್ತಿನಲ್ಲೇ ಒಂದಿಷ್ಟು ತುಂಬಿಕೊಳ್ಳಬಹುದು. ಕೇಳಲು ಇದು ದೋಣಿಯ ಗುಣ ಅನಿಸುತ್ತದೆ. ಆದರೆ ಆ ವೇಗದಲ್ಲಿ ವಿದ್ಯುತ್ ಕೊಡುವ ಚಾರ್ಜರ್, ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರ್, ಅಲ್ಲಿಯವರೆಗೆ ಎಳೆದ ಕೇಬಲ್ ಎಲ್ಲ ಇರುವುದು ದಡದಲ್ಲಿ. ಡೀಸೆಲ್ ದೋಣಿಗೆ ಡಬ್ಬದಲ್ಲಿ ಎಣ್ಣೆ ತಂದು ಸುರಿಯಬಹುದು, ವಿದ್ಯುತ್ತನ್ನು ಹಾಗೆ ತರಲಾಗದು. ವಿದ್ಯುತ್ ದೋಣಿಯ ಕಾಲ ಬಂದಷ್ಟೂ ಯೋಜನೆಯ ಹಣ ಇನ್ನಷ್ಟು ದಡಕ್ಕೇ ಸರಿಯುತ್ತದೆ.

ದಿನದ ಖರ್ಚಿಗೂ ಬಂಡವಾಳಕ್ಕೂ ಇರುವ ನಂಟನ್ನು ಕೇರಳದ್ದೇ ಇನ್ನೊಂದು ದೋಣಿ ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ರಾಜ್ಯ ಜಲಸಾರಿಗೆ ಇಲಾಖೆ 2017ರ ಜನವರಿಯಲ್ಲಿ ವೈಕಂ ಮತ್ತು ತವಣಕಡವು ನಡುವೆ ‘ಆದಿತ್ಯ’ ಎಂಬ 75 ಜನರ ಸೌರದೋಣಿ ಇಳಿಸಿತು. ಚಾವಣಿ ತುಂಬ ಸೌರಫಲಕ. ಅಂಥ ದೋಣಿ ಕೊಳ್ಳುವಾಗ ಕೈ ಸುಡುತ್ತದೆ, ಆದರೆ ಓಡಿಸುವಾಗ ಡೀಸೆಲ್ ಬಿಲ್ಲೇ ಇಲ್ಲ. ಮೊದಲ ದಿನ ಹೆಚ್ಚು ಕೊಟ್ಟು, ಮುಂದಿನ ಸಾವಿರಾರು ದಿನ ಕಡಿಮೆ ಕೊಡುವ ಲೆಕ್ಕ. ಟೆಂಡರ್‌ನಲ್ಲಿ ಅತಿ ಕಡಿಮೆ ಬೆಲೆ ಹಾಕಿದವರಿಗೇ ಕೆಲಸ ಎಂಬ ನಿಯಮವಿದ್ದಲ್ಲಿ ಇಂಥ ದೋಣಿ ಗೆಲ್ಲುವುದು ಕಷ್ಟ. ಇಪ್ಪತ್ತು ವರ್ಷ ಓಡಿಸುವ ಖರ್ಚನ್ನೂ ಸೇರಿಸಿ ಬೆಲೆ ಅಳೆಯುವ ಕಡೆ ಮಾತ್ರ ಅದರ ಲಾಭ ಕಾಣಿಸುತ್ತದೆ.

ಇದು ತಿರುಗುಮುರುಗಾದರೆ ಏನಾಗುತ್ತದೆಂದು ನೋಡಲು ಬಹಳ ದೂರ, ಅಮೆರಿಕದ ಅಲಾಸ್ಕಾಕ್ಕೆ ಹೋಗಬೇಕು. ಅಲ್ಲಿ ಎಷ್ಟೋ ಊರುಗಳಿಗೆ ರಸ್ತೆಯೇ ಇಲ್ಲ. 1963ರಿಂದ ಓಡುತ್ತಿರುವ ಸರ್ಕಾರಿ ಫೆರಿ ಜಾಲದ ಹೆಸರೇ ‘ಅಲಾಸ್ಕಾ ಸಮುದ್ರ ಹೆದ್ದಾರಿ’. ದಿನಸಿ, ಕಾರು, ಶಾಲಾ ಮಕ್ಕಳ ಆಟದ ತಂಡ, ಆಸ್ಪತ್ರೆಗೆ ಹೊರಟ ರೋಗಿ, ಎಲ್ಲ ಅದರಲ್ಲೇ. ಈ ಶತಮಾನದ ಆರಂಭದಲ್ಲಿ ಆ ಜಾಲಕ್ಕೆ ಫೇರ್‌ವೆದರ್ ಮತ್ತು ಚೆನೇಗಾ ಎಂಬ ಎರಡು ವೇಗದ ಹಡಗು ಬಂದವು. ಎರಡಕ್ಕೂ ಸೇರಿ ಸುಮಾರು 6.8 ಕೋಟಿ ಡಾಲರ್. ವೇಗ ಇತ್ತು, ಇಂಧನವನ್ನೂ ಅಷ್ಟೇ ವೇಗದಲ್ಲಿ ಕುಡಿಯುತ್ತಿದ್ದವು. ದಿನದ ಖರ್ಚು ಹೊರಲಾಗದೆ ಕಟ್ಟಿಹಾಕಿ, ಕೊನೆಗೆ 2021ರಲ್ಲಿ ಸ್ಪೇನಿನ ಕಂಪನಿಯೊಂದಕ್ಕೆ ಎರಡನ್ನೂ ಸುಮಾರು 51 ಲಕ್ಷ ಡಾಲರಿಗೆ ಮಾರಿದರು. ಕೊಂಡ ಬೆಲೆಯ ಹತ್ತನೇ ಒಂದು ಭಾಗವೂ ಅಲ್ಲ.

ಆಮೇಲೆ ರಾಜ್ಯದ ದುಡ್ಡಿನಲ್ಲೇ ಟಾಜ್ಲೀನಾ ಮತ್ತು ಹಬಾರ್ಡ್ ಎಂಬ ಇನ್ನೆರಡು ಹಡಗು ಕಟ್ಟಿಸಿದರು, ಒಂದೊಂದಕ್ಕೆ 6 ಕೋಟಿ ಡಾಲರ್ ಆಸುಪಾಸು. ಉಳಿತಾಯಕ್ಕೆಂದು ಸಿಬ್ಬಂದಿ ಮಲಗುವ ಕೋಣೆಗಳನ್ನು ಬಿಟ್ಟಿದ್ದರು. ಮಲಗಲು ಜಾಗವಿಲ್ಲದಿದ್ದರೆ ಸಿಬ್ಬಂದಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ಹಡಗಿನಲ್ಲಿ ದುಡಿಯುವಂತಿಲ್ಲ. ಅಲ್ಲಿನ ದೂರಗಳಿಗೆ ಹೋಗಿ ಬರಲು ಆ ಹೊತ್ತು ಸಾಲದು. ಹಬಾರ್ಡ್‌ಗೆ ಕೋಣೆಗಳನ್ನು ಕಟ್ಟಿ ಸೇವೆಗೆ ಇಳಿಸುವ ಹೊತ್ತಿಗೆ 2023 ಬಂದಿತ್ತು. ಈ ನಡುವೆ 2019ರಲ್ಲಿ ರಾಜ್ಯ ಸರ್ಕಾರ ಫೆರಿ ಜಾಲದ ವಾರ್ಷಿಕ ಹಣಕ್ಕೆ ದೊಡ್ಡ ಕತ್ತರಿ ಹಾಕಿತು. ಆ ಚಳಿಗಾಲ ಕಾರ್ಡೋವಾದಂಥ ರಸ್ತೆಯಿಲ್ಲದ ಊರುಗಳು ತಿಂಗಳುಗಟ್ಟಲೆ ಫೆರಿಯಿಲ್ಲದೆ ಕಳೆದವು. ಹಡಗು ದಡದಲ್ಲೇ ಇದ್ದರೂ ಊರಿಗೆ ಹಾಲು ಬರಲಿಲ್ಲ ಎಂಬ ಸ್ಥಿತಿ.

ಅಮೆರಿಕದ ಒಕ್ಕೂಟ ಸರ್ಕಾರದ ನಿಯಮಗಳನ್ನು ಓದಿದರೆ ಇದರ ಬೇರು ಕಾಣುತ್ತದೆ. ಅಲ್ಲಿ ಫೆರಿಗೆ ಹಣ ಒಂದೇ ಕಿಟಕಿಯಿಂದ ಬರುವುದಿಲ್ಲ. ಹೆದ್ದಾರಿ ಇಲಾಖೆಯ ಫೆರಿ ನಿಧಿಯನ್ನು ಸೂತ್ರ ಹಿಡಿದು ಹಂಚುತ್ತಾರೆ: ಸಾಗಿಸಿದ ಪ್ರಯಾಣಿಕರ ಸಂಖ್ಯೆಗೆ ಶೇ 35, ವಾಹನಗಳಿಗೆ ಶೇ 35, ಮಾರ್ಗದ ಉದ್ದಕ್ಕೆ ಶೇ 30 ತೂಕ. ಜನದಟ್ಟಣೆಯ ನಗರಕ್ಕೂ, ಜನ ಕಡಿಮೆಯಿದ್ದು ದಾರಿ ಉದ್ದವಿರುವ ಊರಿಗೂ ಏನಾದರೂ ದಕ್ಕಲಿ ಎಂಬ ಆಲೋಚನೆ ಇದರಲ್ಲಿದೆ, ಮತ್ತು ಅದು ನನಗೆ ನ್ಯಾಯವೆನಿಸುತ್ತದೆ. ಸಾರಿಗೆ ಆಡಳಿತದ ಇನ್ನೊಂದು ಪ್ರಯಾಣಿಕ ಫೆರಿ ಅನುದಾನ ವರ್ಷಕ್ಕೆ 3 ಕೋಟಿ ಡಾಲರ್. ಅದಕ್ಕೆ ಅರ್ಜಿ ಹಾಕಿ ಸ್ಪರ್ಧಿಸಬೇಕು. ಸಾಮಾನ್ಯವಾಗಿ ಶೇ 80 ಅವರದು, ಉಳಿದದ್ದು ಸ್ಥಳೀಯರು ಹೊಂದಿಸಬೇಕು. ಈ ಹಣದಲ್ಲಿ ದೋಣಿ ಕೊಳ್ಳಬಹುದು, ಟರ್ಮಿನಲ್ ಕಟ್ಟಬಹುದು, ಹಳೆಯದನ್ನು ಹೊಸದಾಗಿಸಬಹುದು. ಓಡಿಸುವ ಖರ್ಚಿಗೆ ಒಂದು ಡಾಲರೂ ಬಳಸುವಂತಿಲ್ಲ.

2021ರ ಮೂಲಸೌಕರ್ಯ ಕಾಯ್ದೆ ಇದನ್ನು ಸ್ವಲ್ಪ ಬದಲಿಸಿತು. ಅಲಾಸ್ಕಾದ ಸೆನೆಟರ್ ಲಿಸಾ ಮರ್ಕೌಸ್ಕಿ ಅದರ ರೂಪಕರಲ್ಲಿ ಒಬ್ಬರು. 50 ಸಮುದ್ರಯಾನ ಮೈಲಿಗಿಂತ ಹೆಚ್ಚು ಅಂತರದ ಎರಡು ಗ್ರಾಮೀಣ ಪ್ರದೇಶಗಳನ್ನು ಜೋಡಿಸುವ ಸೇವೆಗಳಿಗೆಂದೇ ಐದು ವರ್ಷಕ್ಕೆ 100 ಕೋಟಿ ಡಾಲರ್, ಮಾಲಿನ್ಯ ಕಡಿಮೆಯಿರುವ ಫೆರಿಗಳಿಗೆ 25 ಕೋಟಿ ಡಾಲರ್ ಮೀಸಲಿಟ್ಟರು. ಗ್ರಾಮೀಣ ಫೆರಿಯ ಹಣವನ್ನು ಓಡಿಸುವ ಖರ್ಚಿಗೂ ಬಳಸಬಹುದು ಎಂದರು. ನನ್ನ ಮಟ್ಟಿಗೆ ಆ ಕಾಯ್ದೆಯ ಫೆರಿ ಭಾಗದಲ್ಲಿ ಮೊತ್ತಕ್ಕಿಂತ ದೊಡ್ಡ ವಿಷಯ ಈ ಒಂದು ವಾಕ್ಯ.

ನಮ್ಮ ದೇಶದಲ್ಲಿ ದಿನದ ಖರ್ಚು ಸೋಲಿಸಿದ ಕಥೆ ಗುಜರಾತಿನದು. ಖಂಭಾತ್ ಕೊಲ್ಲಿಯ ಎರಡು ದಡಗಳಲ್ಲಿರುವ ಘೋಘಾ ಮತ್ತು ದಹೇಜ್ ನಡುವೆ ರಸ್ತೆಯಲ್ಲಿ 300 ಕಿ.ಮೀ.ಗೂ ಹೆಚ್ಚು ಸುತ್ತಬೇಕು, ನೀರಿನಲ್ಲಿ ಬರೀ 31 ಕಿ.ಮೀ. 615 ಕೋಟಿ ರೂಪಾಯಿಯ ಯೋಜನೆ 2017ರ ಅಕ್ಟೋಬರ್ 22ರಂದು ಪ್ರಧಾನಿಯವರಿಂದ ಉದ್ಘಾಟನೆಯಾಯಿತು. ಹೂಳೆತ್ತಲು ಕೇಂದ್ರದ ಸಾಗರಮಾಲಾ ಯೋಜನೆಯಿಂದ 117 ಕೋಟಿ ಬಂದಿತ್ತು. ಮರುವರ್ಷ ವಾಹನ ಹೊರುವ ಹಡಗೂ ಬಂತು. ಆದರೆ ಆ ಕೊಲ್ಲಿಯ ಉಬ್ಬರ ಇಳಿತ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು, ದಹೇಜ್ ಇರುವುದೋ ನರ್ಮದೆಯ ಬಾಯಿಯ ಪಕ್ಕದಲ್ಲಿ. ಎತ್ತಿದ ಹೂಳು ಮತ್ತೆ ತುಂಬಿತು. ಹಡಗಿಗೆ ಬೇಕಾದ ಆಳ ಉಳಿಯಲಿಲ್ಲ, ಸೇವೆ ನಿಂತಿತು. 2020ರ ನವೆಂಬರ್‌ನಲ್ಲಿ ಮಾರ್ಗವನ್ನೇ ಬದಲಿಸಿ ಘೋಘಾದಿಂದ ಸೂರತ್ ಬಳಿಯ ಹಜೀರಾಕ್ಕೆ ಓಡಿಸತೊಡಗಿದರು. ದಹೇಜಿನಲ್ಲಿ ಕಟ್ಟಿದ ಟರ್ಮಿನಲ್ ಫೆರಿಗಾಗಿ ಕಾಯುತ್ತ ಉಳಿಯಿತು. ಹೂಳೆತ್ತುವುದು ಬಾವಿ ತೋಡಿದ ಹಾಗಲ್ಲ, ಅಂಗಳ ಗುಡಿಸಿದ ಹಾಗೆ. ಇವತ್ತು ಗುಡಿಸಿದರೆ ನಾಳೆಯೂ ಗುಡಿಸಬೇಕು. ಒಂದೇ ಸಲ ಬರುವ ಅನುದಾನದಲ್ಲಿ ಅದನ್ನು ಮುಗಿಸಲಾಗುವುದಿಲ್ಲ.

ಇಷ್ಟೆಲ್ಲ ಖರ್ಚನ್ನು ಟಿಕೆಟಿನಿಂದ ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ಕೊಚ್ಚಿಯಲ್ಲಿ ಆರಂಭದ ದರ 20 ರೂಪಾಯಿಯಿಂದ 40 ರೂಪಾಯಿ. 600 ರೂಪಾಯಿಯ ತಿಂಗಳ ಪಾಸಿನಲ್ಲಿ 50 ಸಲ ಓಡಾಡಬಹುದು, ಅಂದರೆ ಸಲಕ್ಕೆ 12 ರೂಪಾಯಿ. ದ್ವೀಪದಿಂದ ನಗರಕ್ಕೆ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಇದಕ್ಕಿಂತ ಹೆಚ್ಚು ಹೇಳಿದರೆ ಆಕೆ ಹತ್ತುವುದೇ ಇಲ್ಲ. ನ್ಯೂಯಾರ್ಕ್ ನಗರವಂತೂ ಸ್ಟೇಟನ್ ಐಲೆಂಡ್ ಫೆರಿಗೆ 1997ರಿಂದ ಟಿಕೆಟನ್ನೇ ಎತ್ತಿಹಾಕಿದೆ. ಸುಮಾರು 8 ಕಿ.ಮೀ., 25 ನಿಮಿಷದ ಪಯಣ, ಯಾರೂ ದುಡ್ಡು ಕೊಡಬೇಕಿಲ್ಲ. ಅದು ರಸ್ತೆಯಂತೆಯೇ ಎಂದು ಆ ನಗರ ತೀರ್ಮಾನಿಸಿತು. ನಮ್ಮಲ್ಲೂ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸುಮಾರು 470 ಕೋಟಿಯಲ್ಲಿ ಸಿಗಂದೂರು ಸೇತುವೆ ಕಟ್ಟಿ 2025ರ ಜುಲೈ 14ರಂದು ತೆರೆದಾಗ, ಸೇತುವೆ ತನ್ನ ದುಡ್ಡನ್ನು ತಾನೇ ದುಡಿದು ತೀರಿಸಲಿ ಎಂದು ಯಾರೂ ಅನ್ನಲಿಲ್ಲ. ಅನ್ನಲೂಬಾರದು. ಮುಳುಗಡೆಯಲ್ಲಿ ಊರು ಕಳೆದುಕೊಂಡು ದಶಕಗಟ್ಟಲೆ ಲಾಂಚಿಗೆ ಕಾದ ಜನರಿಗೆ ಅದು ಸಲ್ಲಬೇಕಾದ ಬಾಕಿ. ಅದೇ ಮಾತು ಸೇತುವೆ ಇನ್ನೂ ಬಾರದ ಅಥವಾ ಬರಲಾರದ ಕಡವುಗಳಿಗೂ ಅನ್ವಯಿಸಬೇಕು ಅಷ್ಟೇ.

ಕೊಚ್ಚಿಯಲ್ಲಿ ಎಲ್ಲವೂ ಹೂವೆತ್ತಿದಂತೆ ಆಗಿದೆ ಎಂದಲ್ಲ. 38 ಜೆಟ್ಟಿಗಳ ಗುರಿ ಇನ್ನೂ ದೂರವಿದೆ. ಮೊದಲು ತೆರೆದದ್ದು ಹೈಕೋರ್ಟ್–ವೈಪಿನ್, ವೈಟ್ಟಿಲ–ಕಾಕ್ಕನಾಡ್ ಎಂಬ ಎರಡೇ ಮಾರ್ಗ. ಫೋರ್ಟ್ ಕೊಚ್ಚಿ ಒಂದು ವರ್ಷದ ನಂತರ ಸೇರಿತು, ಮಟ್ಟಾಂಚೇರಿ ಜೆಟ್ಟಿ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ದೋಣಿಗಳೂ ತಡವಾಗಿ ಬಂದವು. ಆದರೂ ಅಲ್ಲಿ ಕ್ರಮ ಸರಿಯಿದೆ: ದಡ ಸಿದ್ಧವಾದ ಮೇಲೆಯೇ ಮಾರ್ಗ ತೆರೆಯುತ್ತಾರೆ.

ಈ ಮಾತೆಲ್ಲ ನಮಗೆ ಈಗ ಏಕೆ ಬೇಕೆಂದರೆ, ಮಂಗಳೂರಿಗೂ ವಾಟರ್ ಮೆಟ್ರೊ ತರುವ ಪ್ರಸ್ತಾಪವಿದೆ, ನೇತ್ರಾವತಿ ಮತ್ತು ಗುರುಪುರ ನದಿಗಳನ್ನು ಹಿಡಿದು. ಅಲ್ಲಿ ದೋಣಿ ಹೊಸದೇನಲ್ಲ. ಬೆಂಗರೆಯ ಜನ ಕೆಲಸಕ್ಕೆ, ಶಾಲೆಗೆ, ಮೀನು ಮಾರಲು ಬೆಳಗಾದರೆ ನದಿ ದಾಟಿ ದಕ್ಕೆಗೆ ಬರುವವರೇ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಗುವನ್ನು ಹಿಡಿದು ಅಲುಗುವ ದೋಣಿಯ ಅಂಚಿಗೆ ಕಾಲಿಡುವವರು ಅವರು. ಕೊಚ್ಚಿಗೆ ಇರುವ ವಿಶಾಲ ಶಾಂತ ಹಿನ್ನೀರು ಮಂಗಳೂರಿಗಿಲ್ಲ. ಇಲ್ಲಿ ಎರಡು ನದಿಗಳು ಮಳೆಗಾಲದಲ್ಲಿ ಘಟ್ಟದ ಮಣ್ಣನ್ನೆಲ್ಲ ಹೊತ್ತು ತರುತ್ತವೆ, ಅಳಿವೆಬಾಗಿಲಿನ ಹೂಳು ಮೀನುಗಾರರಿಗೆ ಹಳೆಯ ಸಂಕಟ.

ಹಾಗಾಗಿ ಆ ಯೋಜನಾ ವರದಿ ಕೈಗೆ ಬಂದರೆ ನಾನು ದೋಣಿಯ ಬಣ್ಣದ ಚಿತ್ರವಿರುವ ಪುಟವನ್ನು ದಾಟಿ ಮುಂದೆ ಹೋಗುತ್ತೇನೆ. ಹೂಳೆತ್ತಲು ವರ್ಷಕ್ಕೆ ಎಷ್ಟು ಹಿಡಿದಿದ್ದಾರೆ, ಅದನ್ನು ಹತ್ತನೇ ವರ್ಷವೂ ಯಾವ ಇಲಾಖೆ ಕೊಡುತ್ತದೆ, ಬೆಂಗರೆಯ ಕಡೆಗೂ ತೇಲುವ ಜೆಟ್ಟಿ ಇದೆಯೋ ಅಥವಾ ಪ್ರವಾಸಿಗರು ಬರುವ ದಡಕ್ಕೆ ಮಾತ್ರವೋ, ತಿಂಗಳ ಪಾಸಿಗೆ ಎಷ್ಟು ಬರೆದಿದ್ದಾರೆ. ಈ ನಾಲ್ಕು ಸಾಲುಗಳನ್ನು ಮೊದಲು ಹುಡುಕುತ್ತೇನೆ.